ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಮೀಟರ್: ಆರು ವಾರಗಳ ಬಳಕೆಯ ನಂತರ

ಗೋಡೆಯ ಸಾಕೆಟ್ಟಿಗೂ ಯಂತ್ರದ ಪ್ಲಗ್ಗಿಗೂ ನಡುವೆ ಸಿಕ್ಕಿಸಿದರೆ ಆ ಯಂತ್ರ ಎಳೆಯುತ್ತಿರುವ ವಿದ್ಯುತ್ತನ್ನು ತೋರಿಸುವ ಅಂಗೈ ಗಾತ್ರದ ಮೀಟರೊಂದನ್ನು ಕಳೆದ ಆರು ವಾರಗಳಿಂದ ಬಳಸುತ್ತಿದ್ದೇನೆ. ಹತ್ತಾರು ಕಂಪನಿಗಳು ಹೆಚ್ಚುಕಡಿಮೆ ಒಂದೇ ಬಗೆಯ ಈ ಉಪಕರಣವನ್ನು ಬೇರೆ ಬೇರೆ ಹೆಸರುಗಳಲ್ಲಿ ಮಾರುತ್ತಿರುವುದರಿಂದ, ಇದನ್ನು ಒಂದು ನಿರ್ದಿಷ್ಟ ಮಾದರಿಯ ವಿಮರ್ಶೆ ಎನ್ನುವುದಕ್ಕಿಂತ ಈ ಜಾತಿಯ ಉಪಕರಣದ ವಿಮರ್ಶೆ ಎಂದು ಓದುವುದು ಸರಿ. ಹವಾಮಾನ ಬದಲಾವಣೆಯ ವಿಷಯದಲ್ಲಿ ಸಾಮಾನ್ಯ ಗೃಹಸ್ಥನೊಬ್ಬ ಮಾಡಬಹುದಾದದ್ದೇನು ಎಂಬ ಪ್ರಶ್ನೆಗೆ ಸಿಗುವ ಉತ್ತರಗಳಲ್ಲಿ ಬಹುಪಾಲು ಉಪದೇಶಗಳೇ. ಅಂಕಿ ಕೊಡುವ ಉತ್ತರ ಬೇಕೆನಿಸಿ ಇದನ್ನು ತರಿಸಿದೆ.

ಮೊದಲು ಉಪಕರಣದ ಬಗ್ಗೆ. ಇದರೊಳಗೆ ಒಂದು ಅತಿ ಕಡಿಮೆ ರೋಧದ ಲೋಹದ ಪಟ್ಟಿಯಿದೆ. ಅದರ ಮೂಲಕ ಹರಿಯುವ ಪ್ರವಾಹವನ್ನೂ ಸಾಕೆಟ್ಟಿನ ವೋಲ್ಟೇಜನ್ನೂ ಒಂದು ಚಿಪ್ ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಗುಣಿಸಿ, ವ್ಯಾಟ್ ಲೆಕ್ಕದಲ್ಲಿ ತೆರೆಯ ಮೇಲೆ ಇಡುತ್ತದೆ. ಗುಂಡಿ ಒತ್ತುತ್ತಾ ಹೋದರೆ ಈವರೆಗಿನ ಒಟ್ಟು ಯೂನಿಟ್, ಗರಿಷ್ಠ ವ್ಯಾಟ್, ಕಳೆದ ಸಮಯ, ಪವರ್ ಫ್ಯಾಕ್ಟರ್ ಇತ್ಯಾದಿ ಒಂದೊಂದಾಗಿ ಬರುತ್ತವೆ. ಇವುಗಳಲ್ಲಿ ನಮಗೆ ಬೇಕಾದವು ಎರಡೇ: ಈ ಕ್ಷಣದ ವ್ಯಾಟ್ ಮತ್ತು ಒಟ್ಟು ಯೂನಿಟ್. ಒಂದು ಸಾವಿರ ವ್ಯಾಟಿನ ಯಂತ್ರ ಒಂದು ಗಂಟೆ ನಡೆದರೆ ಒಂದು ಯೂನಿಟ್ ಎಂಬಷ್ಟು ತಿಳಿದಿದ್ದರೆ ಮಿಕ್ಕದ್ದೆಲ್ಲ ಶಾಲೆಯ ಗುಣಾಕಾರ.

ಅಳತೆ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ ಎಂಬುದನ್ನು ಪರೀಕ್ಷಿಸದೆ ಮುಂದೆ ಹೋಗುವುದು ಬೇಡ ಎನಿಸಿತು. ವಿದ್ಯುತ್ ಸರಬರಾಜು ಸಂಸ್ಥೆ ಅಳವಡಿಸಿರುವ ಮನೆಯ ಮುಖ್ಯ ಮೀಟರಿನ ಮೇಲೆ ಒಂದು ಸಣ್ಣ ದೀಪ ಮಿಟುಕುತ್ತಿರುತ್ತದೆ. ಎಷ್ಟು ಮಿಟುಕಿಗೆ ಒಂದು ಯೂನಿಟ್ ಎಂಬುದನ್ನು ಅದರ ಪಕ್ಕದಲ್ಲೇ ಮುದ್ರಿಸಿರುತ್ತಾರೆ, ನಮ್ಮಲ್ಲಿರುವುದರಲ್ಲಿ 3200. ಮನೆಯ ಬೇರೆಲ್ಲ ಸ್ವಿಚ್ಚುಗಳನ್ನು ಆರಿಸಿ, ಕೆಟಲಿನಲ್ಲಿ ಒಂದು ಲೀಟರ್ ನೀರು ಕುದಿಯುವವರೆಗೆ ಮುಖ್ಯ ಮೀಟರಿನ ಎದುರು ನಿಂತು ಎಣಿಸಿದಾಗ ಸುಮಾರು 358 ಮಿಟುಕುಗಳಾದವು, ಅಂದರೆ 0.112 ಯೂನಿಟ್, ಪುಟ್ಟ ಮೀಟರ್ ತೋರಿಸಿದ್ದು 0.11. ನಾಲ್ಕೂವರೆ ನಿಮಿಷ ಗೋಡೆ ನೋಡುತ್ತಾ ನಿಂತವನನ್ನು ಮನೆಯವರು ಹೇಗೆ ನೋಡಿದರು ಎಂಬುದು ಬೇರೆ ವಿಷಯ. ಈ ಎಣಿಕೆ ಬರುವವರಿಗೆ ಪುಟ್ಟ ಮೀಟರನ್ನು ಕೊಳ್ಳುವ ಅಗತ್ಯವೇ ಇಲ್ಲದಿರಬಹುದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ದೊಡ್ಡ ಯಂತ್ರಗಳ ಮಟ್ಟಿಗೆ ಖರ್ಚಿಲ್ಲದ ಆ ಉಪಾಯವೇ ಸಾಕು.

ಕಡಿಮೆ ವ್ಯಾಟಿನ ವಸ್ತುಗಳಲ್ಲಿ ಮಾತ್ರ ಇದರ ನಿಖರತೆ ಕುಗ್ಗುತ್ತದೆ. ಎಲ್ಇಡಿ ದೀಪದಂಥ ವಸ್ತುಗಳು ಪ್ರವಾಹವನ್ನು ನುಣುಪಾದ ಅಲೆಯಾಗಿ ಎಳೆಯದೆ ಚೂರುಚೂರಾಗಿ ಎಳೆಯುವುದರಿಂದ, ವೋಲ್ಟೇಜನ್ನೂ ಪ್ರವಾಹವನ್ನೂ ಸುಮ್ಮನೆ ಗುಣಿಸಿದರೆ ಬರುವ ಅಂಕಿ ನಿಜವಾದ ವ್ಯಾಟಿಗಿಂತ ಬಹಳ ಹೆಚ್ಚಿರುತ್ತದೆ. ಒಳ್ಳೆಯ ಮೀಟರು ಈ ಎರಡನ್ನೂ ಬೇರ್ಪಡಿಸಿ ತೋರಿಸುತ್ತದೆ. ಅಗ್ಗದ ಕೆಲವು ತೋರಿಸುವುದಿಲ್ಲ. ಹಾಗಾಗಿ ಕೊಳ್ಳುವಾಗ ಪವರ್ ಫ್ಯಾಕ್ಟರನ್ನು, ಅಂದರೆ ಈ ಎರಡು ಅಂಕಿಗಳ ಅನುಪಾತವನ್ನು, ತೋರಿಸುವ ಮಾದರಿಯನ್ನೇ ಆರಿಸುವುದು ಕ್ಷೇಮ.

ಈಗ ನನ್ನ ಅಜ್ಞಾನದ ಕಥೆಗೆ ಬರುತ್ತೇನೆ. ಫೋನ್ ಚಾರ್ಜಾದ ಕೂಡಲೇ ಚಾರ್ಜರನ್ನು ಗೋಡೆಯಿಂದ ಕಿತ್ತಿಡುವುದನ್ನು ನಾನು ವರ್ಷಗಳಿಂದ ವ್ರತದಂತೆ ಪಾಲಿಸಿಕೊಂಡು ಬಂದಿದ್ದೆ, ಪಾಲಿಸದವರಿಗೆ ಬುದ್ಧಿಯನ್ನೂ ಹೇಳಿದ್ದೆ. ಫೋನಿಲ್ಲದೆ ಸುಮ್ಮನೆ ಸಿಕ್ಕಿಸಿಟ್ಟ ಚಾರ್ಜರನ್ನು ಅಳೆಯಲು ಹೋದರೆ ಮೀಟರ್ ಸೊನ್ನೆ ತೋರಿಸಿತು. ಉಪಕರಣದ ದೋಷವಿರಬೇಕೆಂದು, ಮನೆಯಲ್ಲಿದ್ದ ಎಂಟು ಚಾರ್ಜರುಗಳನ್ನು ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಾಲಾಗಿ ಸಿಕ್ಕಿಸಿ, ಆ ಬೋರ್ಡನ್ನೇ ಮೀಟರಿಗೆ ಜೋಡಿಸಿದೆ. ಎಂಟಕ್ಕೂ ಸೇರಿ 0.9 ವ್ಯಾಟ್ ಬಂತು. ಒಂದು ಚಾರ್ಜರನ್ನು ಇಡೀ ವರ್ಷ ಗೋಡೆಯಲ್ಲೇ ಬಿಟ್ಟರೆ ಹೆಚ್ಚೆಂದರೆ ಒಂದು ಯೂನಿಟ್ ಖರ್ಚಾಗುತ್ತದೆ ಎಂದಾಯಿತು. ಇಪ್ಪತ್ತೈದು ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ಭೌತಶಾಸ್ತ್ರದ ಲೆಕ್ಕದಲ್ಲೇ 0.87 ಯೂನಿಟ್ ಬೇಕು. ಗೀಸರಿನಲ್ಲಿ ನನ್ನ ಮೀಟರ್ ತೋರಿಸಿದ್ದು ಒಂದಕ್ಕೆ ಸ್ವಲ್ಪ ಕಡಿಮೆ. ಒಂದು ವರ್ಷದ ವ್ರತದ ಫಲ ಒಂದು ದಿನದ ಬಿಸಿನೀರಿನ ಸ್ನಾನಕ್ಕೆ ಸರಿಹೋಯಿತು. ಹನಿಗೂಡಿದರೆ ಹಳ್ಳ ಎಂಬ ಮಾತನ್ನು ನಂಬಿ ಹನಿ ಎಣಿಸುತ್ತಾ ಕುಳಿತವನಿಗೆ ಪಕ್ಕದಲ್ಲೇ ಕೊಡ ಸೋರುತ್ತಿರುವುದು ಕಂಡಿರಲಿಲ್ಲ.

ಸೋರುತ್ತಿದ್ದ ಕೊಡಗಳಲ್ಲಿ ಮೊದಲನೆಯದು ಟಿವಿಯ ಕೆಳಗಿನ ಹಳೆಯ ಸೆಟ್‌ಟಾಪ್ ಬಾಕ್ಸ್. ಅದು ನಡೆಯುವಾಗ 12 ವ್ಯಾಟ್ ಎಳೆಯುತ್ತದೆ, ರಿಮೋಟಿನಲ್ಲಿ ಆರಿಸಿದಾಗ 11. ಅಂದರೆ ರಿಮೋಟಿನಿಂದ ಆರುವುದು ಅದರ ಮುಂಭಾಗದ ಹಸಿರು ದೀಪ ಮಾತ್ರ. ದಿನಕ್ಕೆ ಇಪ್ಪತ್ತು ಗಂಟೆ ಯಾರೂ ನೋಡದ ಹೊತ್ತಿನಲ್ಲಿ ಅದು ವರ್ಷಕ್ಕೆ 80 ಯೂನಿಟ್ ಕುಡಿಯುತ್ತದೆ, ಸರಿಸುಮಾರು ಎಂಬತ್ತು ಚಾರ್ಜರುಗಳ ಪಾಲು. ಗೋಡೆಯ ಸ್ವಿಚ್ ಆರಿಸಿದರೆ ಅಲ್ಲಿಗೆ ಮುಗಿಯಿತು. ಇಂಟರ್‌ನೆಟ್ ರೂಟರಿನದು 8 ವ್ಯಾಟ್, ವರ್ಷವಿಡೀ ಇಟ್ಟರೆ 70 ಯೂನಿಟ್. ರಾತ್ರಿ ಅದನ್ನು ಆರಿಸುವ ವಿಚಾರದಲ್ಲಿ ಮನೆಯೊಳಗೆ ಇನ್ನೂ ಒಮ್ಮತ ಮೂಡಿಲ್ಲ.

ಎರಡನೆಯದು ಗೀಸರ್. ನೀರು ಕಾಯಿಸುವ ಖರ್ಚು ನಿರೀಕ್ಷಿಸಿದ್ದೇ, ಆದರೆ ಯಾರೂ ಒಂದು ತಂಬಿಗೆ ನೀರನ್ನೂ ತೆಗೆಯದ ಒಂದು ದಿನ ಅದನ್ನು ಹಚ್ಚಿಯೇ ಬಿಟ್ಟು ನೋಡಿದಾಗ, ತೊಟ್ಟಿಯ ಗೋಡೆಯಿಂದ ಸೋರಿಹೋದ ಶಾಖವನ್ನು ಮರುತುಂಬುವುದಕ್ಕಷ್ಟೇ 0.8 ಯೂನಿಟ್ ಖರ್ಚಾಗಿತ್ತು. ಬೇಕಾದ ಹೊತ್ತಿಗೆ ಹಚ್ಚಿ, ಸ್ನಾನ ಮುಗಿದ ಮೇಲೆ ಆರಿಸುವುದರಿಂದ ಉಳಿಯುವುದು ಇಷ್ಟು. ಬಟ್ಟೆ ಒಗೆಯುವ ಯಂತ್ರದಲ್ಲೂ ಇದೇ ಪಾಠ: 60 ಡಿಗ್ರಿಯ ಒಗೆತಕ್ಕೆ ಒಂದು ಯೂನಿಟ್, 30 ಡಿಗ್ರಿಗೆ 0.4, ತಣ್ಣೀರಿಗೆ 0.2ಕ್ಕಿಂತಲೂ ಕಡಿಮೆ. ಡೋಲು ತಿರುಗಿಸುವ ಮೋಟಾರಿನ ಪಾಲು ಅಲ್ಪ, ನೀರು ಕಾಯಿಸುವುದರದೇ ಸಿಂಹಪಾಲು. ಜಗತ್ತಿನಲ್ಲಿ ಅಂತಿಮವಾಗಿ ಬಳಕೆಯಾಗುವ ಒಟ್ಟು ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಶಾಖಕ್ಕಾಗಿಯೇ ಹೋಗುತ್ತದೆ ಎಂಬುದನ್ನು ಓದಿ ತಿಳಿದಿದ್ದೆ; ಒಂದು ಬಕೆಟ್ ನೀರು ಕಾಯುವಾಗ ಓಡುವ ಅಂಕಿಯನ್ನು ಎದುರಿಗೆ ಕಂಡಾಗಲೇ ಅದು ಮನಸ್ಸಿಗೆ ಇಳಿದದ್ದು. ಹೊಸದಾಗಿ ಮನೆ ಕಟ್ಟುವವರು ಅಥವಾ ಗೀಸರ್ ಕೆಟ್ಟು ಬದಲಿಸುವವರು, ಸುತ್ತಲಿನ ಗಾಳಿಯ ಶಾಖವನ್ನೇ ನೀರಿಗೆ ದಾಟಿಸುವ ಹೀಟ್ ಪಂಪನ್ನು ಪರಿಶೀಲಿಸಬೇಕು. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ಟಿನಷ್ಟು ಶಾಖ ಕೊಡುವ ಯಂತ್ರ ಅದು.

ಈ ಉಪಕರಣ ತನ್ನ ಬೆಲೆಯನ್ನು ನಿಜವಾಗಿ ಸಂಪಾದಿಸಿಕೊಂಡದ್ದು ಫ್ರಿಜ್‌ನಲ್ಲಿ. ಫ್ರಿಜ್‌ನ ಕಂಪ್ರೆಸರ್ ಹಚ್ಚಿಕೊಳ್ಳುತ್ತಾ ಆರುತ್ತಾ ಇರುವುದರಿಂದ ಆ ಕ್ಷಣದ ವ್ಯಾಟ್ ನೋಡಿ ಏನನ್ನೂ ಹೇಳಲಾಗದು. ಕನಿಷ್ಠ ಒಂದು ದಿನ, ಸಾಧ್ಯವಾದರೆ ಒಂದು ವಾರ ಬಿಡಬೇಕು. ನಮ್ಮ ಹಳೆಯ ಫ್ರಿಜ್ ವಾರಕ್ಕೆ 11.2 ಯೂನಿಟ್, ಅಂದರೆ ದಿನಕ್ಕೆ 1.6 ಯೂನಿಟ್ ತೆಗೆದುಕೊಳ್ಳುತ್ತಿತ್ತು. ಬಾಗಿಲಿನ ರಬ್ಬರು ಸಡಿಲವಾಗಿದೆಯೇ ಎಂದು ತಿಳಿಯಲು ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿದೆ, ಸಲೀಸಾಗಿ ಜಾರಿ ಬಂತು. ರಬ್ಬರು ಬದಲಿಸಿ, ಫ್ರೀಜರಿನಲ್ಲಿ ಕಟ್ಟಿದ್ದ ಮಂಜನ್ನು ಕರಗಿಸಿ, ಹಿಂಭಾಗದ ಕೊಳವೆಗಳಿಗೆ ಗಾಳಿಯಾಡುವಂತೆ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿ, ಮತ್ತೆ ಒಂದು ವಾರ ಅಳೆದಾಗ 9.1 ಬಂತು. ದಿನಕ್ಕೆ 0.3 ಯೂನಿಟ್ ಉಳಿತಾಯ, ವರ್ಷಕ್ಕೆ ಸುಮಾರು 110.

ಈ 110 ಯೂನಿಟ್ ಹವಾಮಾನದ ಲೆಕ್ಕದಲ್ಲಿ ಎಷ್ಟು ಎಂಬ ಪ್ರಶ್ನೆ ಬಂದಾಗ ಮೀಟರಿನ ಅತ್ಯಂತ ದುರ್ಬಲ ಭಾಗ ಎದುರಾಗುತ್ತದೆ. ನಾನು ತರಿಸಿದ ಮಾದರಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಕಿಲೋಗ್ರಾಂ ಲೆಕ್ಕದಲ್ಲಿ ತೋರಿಸುವ ಗುಂಡಿಯೂ ಇದೆ, ಪೆಟ್ಟಿಗೆಯ ಮೇಲೆ ಅದನ್ನೇ ದೊಡ್ಡದಾಗಿ ಮುದ್ರಿಸಿದ್ದಾರೆ. ಅದು ಅಳೆಯುವುದು ಏನನ್ನೂ ಅಲ್ಲ. ಯೂನಿಟ್ಟನ್ನು ಮೊದಲೇ ತುಂಬಿಟ್ಟ ಒಂದು ಅಂಕಿಯಿಂದ ಗುಣಿಸುತ್ತದೆ, ಅಷ್ಟೇ. ಆ ಅಂಕಿ ಯಾವ ದೇಶದ, ಯಾವ ವರ್ಷದ ವಿದ್ಯುತ್ತಿಗೆ ಸೇರಿದ್ದು ಎಂಬ ವಿವರಣೆ ಕೈಪಿಡಿಯಲ್ಲಿ ಎಲ್ಲೂ ಇಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ 2014ರ ವರದಿಯಲ್ಲಿ ಕೊಟ್ಟಿರುವ ಮಧ್ಯಮ ಅಂಕಿಗಳ ಪ್ರಕಾರ, ಗಣಿಯಿಂದ ಹಿಡಿದು ಸ್ಥಾವರದವರೆಗಿನ ಎಲ್ಲವನ್ನೂ ಸೇರಿಸಿದರೆ ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿಗೆ 820 ಗ್ರಾಂ, ನೈಸರ್ಗಿಕ ಅನಿಲದ್ದಕ್ಕೆ 490 ಗ್ರಾಂ, ದೊಡ್ಡ ಸೌರ ಸ್ಥಾವರಗಳದ್ದಕ್ಕೆ 48 ಗ್ರಾಂ, ಜಲವಿದ್ಯುತ್ತಿಗೆ 24 ಗ್ರಾಂ. ಕಲ್ಲಿದ್ದಲನ್ನೇ ನಂಬಿದ ಜಾಲದಲ್ಲಿ ಒಂದು ಫ್ರಿಜ್ ಮಾಡುವ ಹಾನಿ, ಜಲವಿದ್ಯುತ್ತಿನ ಜಾಲದಲ್ಲಿ ಅದೇ ಫ್ರಿಜ್ ಮಾಡುವ ಹಾನಿಯ ಮೂವತ್ತು ಪಟ್ಟು ಮೀರುತ್ತದೆ. ಇಷ್ಟು ಅಂತರವಿರುವ ಕಡೆ ತಯಾರಕರು ತಾವೇ ಒಂದು ಅಂಕಿ ತುಂಬಿ ಮಾರುವುದು ಗ್ರಾಹಕರನ್ನು ದಾರಿತಪ್ಪಿಸಿದಂತೆ. ಅದನ್ನು ಬದಲಿಸುವ ಅವಕಾಶವಿದೆ ಎಂಬುದೊಂದು ಸಮಾಧಾನ; ನಿಮ್ಮ ವಿದ್ಯುತ್ ಜಾಲದ ಸರಾಸರಿ ಅಂಕಿಯನ್ನು ಹುಡುಕಿ ತುಂಬಿಕೊಳ್ಳಿ, ಇಲ್ಲವಾದರೆ ಆ ಗುಂಡಿಯನ್ನು ಮರೆತುಬಿಡಿ.

ಸರಾಸರಿಯೂ ಪೂರ್ಣ ಸತ್ಯವಲ್ಲ. ಸೌರ ವಿದ್ಯುತ್ತಿನ ಪಾಲು ಹೆಚ್ಚಿರುವ ಜಾಲದಲ್ಲಿ ನಡುಹಗಲಿನ ಯೂನಿಟ್ಟಿಗೂ, ಸೂರ್ಯ ಮುಳುಗಿ ಎಲ್ಲರ ಮನೆಯ ದೀಪಗಳೂ ಒಟ್ಟಿಗೆ ಹೊತ್ತಿಕೊಳ್ಳುವ ಸಂಜೆಯ ಯೂನಿಟ್ಟಿಗೂ ಅಜಗಜಾಂತರವಿರುತ್ತದೆ, ಮೀಟರಿಗೆ ಎರಡೂ ಒಂದೇ. ಬಟ್ಟೆ ಒಗೆಯುವುದು, ನೀರು ಕಾಯಿಸುವುದು, ವಿದ್ಯುತ್ ವಾಹನಕ್ಕೆ ಚಾರ್ಜ್ ಹಾಕುವುದು ಮುಂತಾದ, ಹೊತ್ತು ಬದಲಿಸಿದರೆ ಯಾರಿಗೂ ತೊಂದರೆಯಾಗದ ಕೆಲಸಗಳನ್ನು ಹಗಲಿಗೆ ತಂದುಕೊಳ್ಳುವುದರಿಂದ ಯೂನಿಟ್ ಒಂದೂ ಕಡಿಮೆಯಾಗದೆ ಹೊಗೆ ಕಡಿಮೆಯಾಗಬಹುದು.

ಫ್ರಿಜ್‌ಗೆ ಹಿಂತಿರುಗುತ್ತೇನೆ. ಕಲ್ಲಿದ್ದಲಿನ ಲೆಕ್ಕದಲ್ಲಿ 110 ಯೂನಿಟ್ ಎಂದರೆ 90 ಕಿಲೋಗ್ರಾಂ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೊರಬೀಳುವುದು 2.3 ಕಿಲೋಗ್ರಾಂ, ಹಾಗಾದರೆ ನಾನು ಉಳಿಸಿದ್ದು 39 ಲೀಟರ್ ಪೆಟ್ರೋಲಿನ ಹೊಗೆ. ಲೀಟರಿಗೆ ಹದಿನೈದು ಕಿಲೋಮೀಟರ್ ಓಡುವ ಕಾರಿನಲ್ಲಿ ಅದು ವರ್ಷಕ್ಕೆ 590 ಕಿಲೋಮೀಟರಿನ ಆಸುಪಾಸು, ದಿನಕ್ಕೆ 1.6 ಕಿಲೋಮೀಟರ್. ಬೇರೆ ಮಾತಿನಲ್ಲಿ, ಅಂಗಡಿಗೆ ಹೋಗಿ ಬರುವ ಒಂದು ಸಣ್ಣ ಸುತ್ತನ್ನು ಕಾರಿನ ಬದಲು ನಡೆದು ಮುಗಿಸುವವನು, ಒಂದು ವಾರ ಅಳೆದು, ರಬ್ಬರು ಬದಲಿಸಿ, ಫ್ರಿಜ್ ಸರಿಸಿ ನಾನು ಪಡೆದಷ್ಟನ್ನು ಚಪ್ಪಲಿ ಮೆಟ್ಟಿಕೊಂಡೇ ಪಡೆಯುತ್ತಾನೆ. ಈ ಹೋಲಿಕೆ ಒರಟಾದದ್ದು, ಆದರೂ ಅಂಕಿಗಳು ಒಂದರ ಪಕ್ಕ ಒಂದು ಕುಳಿತ ಮೇಲೆ ಆದ್ಯತೆಗಳು ತಾವಾಗಿ ಬದಲಾಗುತ್ತವೆ.

ಹಳೆಯ ಫ್ರಿಜ್ಜನ್ನು ಎಸೆದು ಹೊಸದನ್ನೇ ತರಬಾರದೇ ಎಂದು ಕೇಳುವವರಿದ್ದಾರೆ. ತೀರಾ ಹಳೆಯದಾಗಿದ್ದರೆ ತರಬಹುದು, ಆದರೆ ಹಳೆಯದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಿಚಾರಿಸಿಯೇ ತರಬೇಕು. ಹಳೆಯ ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಆರ್-134ಎ ಎಂಬ ಅನಿಲ, ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರದ ನಾಲ್ಕುನೂರು ಪಟ್ಟು ಮೀರಿ ಬಿಸಿ ಹಿಡಿದಿಡುತ್ತದೆ. ಫ್ರಿಜ್ಜಿನೊಳಗೆ ಅದು ನೂರು ಗ್ರಾಂ ಇದ್ದರೂ, ಗುಜರಿಯಲ್ಲಿ ಯಾರೋ ಕೊಳವೆ ಕತ್ತರಿಸಿದ ಕ್ಷಣದಲ್ಲಿ 140 ಕಿಲೋಗ್ರಾಮಿಗೂ ಹೆಚ್ಚಿನ ಡೈಆಕ್ಸೈಡಿಗೆ ಸಮನಾದ ಹಾನಿ ಗಾಳಿಗೆ ಸೇರುತ್ತದೆ. ನನ್ನ ಒಂದೂವರೆ ವರ್ಷದ ಉಳಿತಾಯ ಆ ಒಂದು ಕತ್ತರಿಗೆ ಸಮ. ಈ ಜಾತಿಯ ಅನಿಲಗಳನ್ನು ಹಂತಹಂತವಾಗಿ ತಗ್ಗಿಸುವ ಒಪ್ಪಂದ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಆಯಿತು, ಈಗಿನ ಅನೇಕ ಹೊಸ ಫ್ರಿಜ್‌ಗಳಲ್ಲಿ ಅತ್ಯಲ್ಪ ಹಾನಿಯ ಐಸೋಬ್ಯುಟೇನ್ ಇರುತ್ತದೆ. ಅನಿಲವನ್ನು ಹಿಡಿದಿಟ್ಟು ಬಿಚ್ಚುವ ವ್ಯವಸ್ಥೆ ಇರುವವರಿಗೇ ಹಳೆಯದನ್ನು ಒಪ್ಪಿಸಬೇಕು. ಏರ್ ಕಂಡೀಷನರ್ ರಿಪೇರಿಗೆ ಬಂದವರು ಸೋರಿಕೆ ಹುಡುಕದೆ ಪ್ರತಿ ವರ್ಷ ಅನಿಲ ತುಂಬಿ ಹೋಗುವುದನ್ನೂ ಒಪ್ಪಬಾರದು.

ಚಾರ್ಜರಿನ ಸೊನ್ನೆಯ ಹಿಂದೆ ಒಂದು ಕಥೆಯಿದೆ, ಈ ಆರು ವಾರಗಳಲ್ಲಿ ನಾನು ಕಲಿತದ್ದರಲ್ಲಿ ನನಗೆ ಅದೇ ಮುಖ್ಯವೆನಿಸಿತು. ಹಳೆಯ ಕಾಲದ, ಕೈಗೆ ಭಾರವೆನಿಸುವ ಟ್ರಾನ್ಸ್‌ಫಾರ್ಮರ್ ಚಾರ್ಜರೊಂದು ಡ್ರಾಯರಿನ ಮೂಲೆಯಲ್ಲಿ ಸಿಕ್ಕಿತು. ಏನನ್ನೂ ಜೋಡಿಸದೆ ಅಳೆದಾಗ ಅದು 2 ವ್ಯಾಟಿನ ಹತ್ತಿರ ಎಳೆಯಿತು. ಅಂದರೆ ನನ್ನ ವ್ರತಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು. ಆ ಅರ್ಥ ಹೋದದ್ದು ನನ್ನಂಥವರ ನಿಷ್ಠೆಯಿಂದಲ್ಲ, ನಿಯಮಗಳಿಂದ. ಸುಮ್ಮನಿರುವ ಯಂತ್ರ ಒಂದು ವ್ಯಾಟಿಗಿಂತ ಹೆಚ್ಚು ಎಳೆಯಬಾರದು ಎಂಬ ಗುರಿಯನ್ನು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲಿ ಮುಂದಿಟ್ಟಿತು. ಯುರೋಪಿನ ಒಕ್ಕೂಟ ಹಲವು ಬಗೆಯ ಗೃಹೋಪಕರಣಗಳಿಗೆ 2010ರಿಂದ ಒಂದು ವ್ಯಾಟಿನ, 2013ರಿಂದ ಅರ್ಧ ವ್ಯಾಟಿನ ಮಿತಿಯನ್ನು ಕಾನೂನಾಗಿಸಿತು, ಚಾರ್ಜರುಗಳಿಗೂ ಇಂಥದೇ ಮಿತಿಗಳು ಬಂದವು. ಜಗತ್ತಿಗೆಲ್ಲ ಮಾರುವ ತಯಾರಕರು ಒಂದೊಂದು ಮಾರುಕಟ್ಟೆಗೆ ಒಂದೊಂದು ವಿನ್ಯಾಸ ಮಾಡುತ್ತಾ ಕೂರುವುದಿಲ್ಲವಾದ್ದರಿಂದ, ಎಲ್ಲೋ ಬರೆದ ನಿಯಮದ ಫಲ ನನ್ನ ಗೋಡೆಯ ಸಾಕೆಟ್ಟಿಗೂ ತಲುಪಿತು. ಸೆಟ್‌ಟಾಪ್ ಬಾಕ್ಸಿನ 11 ವ್ಯಾಟ್ ಮಾತ್ರ ಉಳಿದುಕೊಂಡಿದೆ. ಆದ್ದರಿಂದ ಈಗ ನಾನು ಗೋಡೆಯ ಸ್ವಿಚ್ ಆರಿಸುವುದರ ಜೊತೆಗೆ, ಅಳೆದ ಅಂಕಿಗಳನ್ನು ಬರೆದು, ಆ ಪೆಟ್ಟಿಗೆಯನ್ನು ಕೊಟ್ಟ ಸಂಸ್ಥೆಗೂ ಇಂಥ ಮಾನಕಗಳನ್ನು ನಿಗದಿಪಡಿಸುವ ಸರ್ಕಾರಿ ಇಲಾಖೆಗೂ ಪತ್ರ ಕಳುಹಿಸಿದ್ದೇನೆ. ಸಂಸ್ಥೆಯಿಂದ ಬಂದ ಉತ್ತರ ನಾನು ಕೇಳದ ಪ್ರಶ್ನೆಗೆ ಸೇರಿದ್ದು. ಹಾಗೆಂದು ಪತ್ರ ವ್ಯರ್ಥ ಎಂದು ನನಗೆ ಅನಿಸಿಲ್ಲ: ಸ್ವಿಚ್ ಆರಿಸಿದರೆ ಒಂದು ಪೆಟ್ಟಿಗೆಯ 80 ಯೂನಿಟ್ ಉಳಿಯುತ್ತದೆ, ನಿಯಮ ಬಂದರೆ ಲಕ್ಷಗಟ್ಟಲೆ ಪೆಟ್ಟಿಗೆಗಳದ್ದು.

ಪ್ಲಗ್ ಇಲ್ಲದ್ದು ಯಾವುದೂ ಈ ಉಪಕರಣಕ್ಕೆ ಕಾಣುವುದಿಲ್ಲ. ಅಡುಗೆಯ ಅನಿಲ, ವಾಹನ, ವಿಮಾನಯಾನ, ತಟ್ಟೆಯ ಮೇಲಿನ ಊಟ, ಮನೆ ಕಟ್ಟಿದ ಸಿಮೆಂಟು ಇವೆಲ್ಲವೂ ಇದರ ಲೆಕ್ಕದ ಹೊರಗೆ, ಬಹಳಷ್ಟು ಕುಟುಂಬಗಳಲ್ಲಿ ಹೊರೆಯ ದೊಡ್ಡ ಪಾಲು ಅಲ್ಲೇ ಇರುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರವನ್ನು ಎಸೆಯಿತು, ಅದರಲ್ಲಿ ಶೇಕಡಾ 60ರಷ್ಟು ಮನೆಗಳಿಂದಲೇ, ಫ್ರಿಜ್ಜಿನ 0.3 ಯೂನಿಟ್ಟಿಗೆ ಒಂದು ವಾರ ಕಾದ ನಾನು, ಅದೇ ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ ಮರೆತು ಕೊಳೆತದ್ದನ್ನು ತೂಗಿ ನೋಡಿರಲಿಲ್ಲ. ಐಪಿಸಿಸಿಯ 2022ರ ವರದಿಯ ಅಂದಾಜಿನಲ್ಲಿ, ಅತ್ಯಂತ ಹೆಚ್ಚು ಹೊರಸೂಸುವ ಶೇಕಡಾ 10ರಷ್ಟು ಕುಟುಂಬಗಳು ಜಗತ್ತಿನ ಗೃಹಬಳಕೆಯ ಹೊರಸೂಸುವಿಕೆಯಲ್ಲಿ ಶೇಕಡಾ 34ರಿಂದ 45ರಷ್ಟಕ್ಕೆ ಕಾರಣ. ವರ್ಷಕ್ಕೆ ಹಲವು ಬಾರಿ ವಿಮಾನ ಹತ್ತುವವರು ಈ ಮೀಟರ್ ಕೊಂಡು ಚಾರ್ಜರ್ ಅಳೆಯುವುದು ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ. ಎರಡು ದೀಪಗಳಷ್ಟೇ ಉರಿಯುವ ಮನೆಯವರಿಗೆ ಇದನ್ನು ಕೊಳ್ಳಿ ಎನ್ನುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಇನ್ನೊಂದು ಅಪಾಯವೂ ಇದೆ. ಕಲ್ಲಿದ್ದಲನ್ನು ಮಿತವಾಗಿ ಬಳಸುವ ಯಂತ್ರಗಳು ಬಂದಷ್ಟೂ ಕಲ್ಲಿದ್ದಲಿನ ಒಟ್ಟು ಬಳಕೆ ಹೆಚ್ಚುತ್ತದೆ ಎಂಬುದನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಷ್ಟು ಹಿಂದೆಯೇ ಗುರುತಿಸಿದ್ದರು. ಎಲ್ಇಡಿ ದೀಪ 9 ವ್ಯಾಟಿಗೆ ಇಳಿದಿದೆ ಎಂದು ತಿಳಿದ ಮೇಲೆ ನಮ್ಮ ಮನೆಯಲ್ಲಿ ಮೂರು ಹೊಸ ದೀಪಗಳು ಬಂದವು. ಅದಕ್ಕೆ ಈ ಮೀಟರೇ ಸಾಕ್ಷಿ.

ಕೊನೆಯಲ್ಲಿ ದೂರುಗಳು. ವಿದ್ಯುತ್ ಹೋದಾಗ ಲೆಕ್ಕ ಉಳಿಸಿಕೊಳ್ಳಬೇಕಾದ ಒಳಗಿನ ಗುಂಡಿ ಬ್ಯಾಟರಿ ಬರುವಾಗಲೇ ಸತ್ತಿತ್ತು, ಹಾಗಾಗಿ ಫ್ರಿಜ್ಜಿನ ಮೊದಲ ಐದು ದಿನಗಳ ಅಳತೆ ಒಂದು ವಿದ್ಯುತ್ ಕಡಿತದಲ್ಲಿ ಅಳಿಸಿಹೋಯಿತು. ಮಾರಿದವರು ಬ್ಯಾಟರಿ ವಾರಂಟಿಗೆ ಸೇರುವುದಿಲ್ಲ ಎಂದರು. ತೆರೆಗೆ ಹಿಂಬೆಳಕಿಲ್ಲ, ಫ್ರಿಜ್ಜಿನ ಹಿಂದೆ ಬಗ್ಗಿ ಟಾರ್ಚ್ ಹಾಕಿ ಓದಬೇಕು. ಎಷ್ಟು ಆಂಪಿಯರ್ ತಡೆಯುತ್ತದೆ ಎಂಬುದನ್ನು ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣಕ್ಷರದಲ್ಲಿ ಬರೆದಿದ್ದಾರೆ, ಕ್ಷಮಿಸಲಾಗದ ತಪ್ಪು ಇದೇ. ಗೀಸರಿನಂಥ ಭಾರಿ ಯಂತ್ರವನ್ನು ಕಡಿಮೆ ಆಂಪಿಯರಿನ ಮೀಟರಿಗೆ ಜೋಡಿಸಿದರೆ ಪ್ಲಗ್ ಕರಗುವ ಅಪಾಯವಿದೆ. ಭಾರಿ ಯಂತ್ರ ನಡೆಯುವಾಗ ಹತ್ತು ನಿಮಿಷಕ್ಕೊಮ್ಮೆ ಮೀಟರಿನ ಮೈಯನ್ನು ಮುಟ್ಟಿ ನೋಡಿ, ಕಾದಿದ್ದರೆ ತೆಗೆದುಬಿಡಿ. ನೇರವಾಗಿ ಗೋಡೆಯೊಳಗಿನ ತಂತಿಗೆ ಜೋಡಿಸಿದ ಯಂತ್ರಗಳನ್ನು ಇದರಿಂದ ಅಳೆಯಲಾಗದು. ಫೋನಿನಲ್ಲಿ ಅಂಕಿ ತೋರಿಸುವ ವೈಫೈ ಪ್ಲಗ್ಗುಗಳೂ ಸಿಗುತ್ತವೆ. ದಿನವಿಡೀ ಹಚ್ಚಿಯೇ ಇರಬೇಕಾದ ಅವು ತಾವೇ ಒಂದು ವ್ಯಾಟಿನಷ್ಟು ಎಳೆಯಬಲ್ಲವು, ಹಾಗಾಗಿ ನಾನು ಅತ್ತ ಹೋಗಲಿಲ್ಲ.

ಒಂದು ಮನೆಗೆ ಇದರ ಕೆಲಸ ಮೂರು ನಾಲ್ಕು ವಾರಗಳದ್ದು. ಆಮೇಲೆ ಅಳೆಯಲು ಹೊಸದೇನೂ ಉಳಿಯುವುದಿಲ್ಲ, ಡ್ರಾಯರಿಗೆ ಸೇರುತ್ತದೆ. ಆದ್ದರಿಂದ ಮನೆಗೊಂದು ಕೊಳ್ಳುವ ವಸ್ತು ಇದಲ್ಲ. ಹತ್ತು ಹನ್ನೆರಡು ಮನೆಗಳಿಗೆ ಅಥವಾ ಒಂದು ಗ್ರಂಥಾಲಯಕ್ಕೆ ಒಂದು ಸಾಕು. ನಮ್ಮದನ್ನು ಮೊನ್ನೆ ಪಕ್ಕದ ಮನೆಯವರಿಗೆ ಕೊಟ್ಟೆ, ಸತ್ತ ಬ್ಯಾಟರಿಯನ್ನು ಬದಲಿಸಿ, ಆಂಪಿಯರ್ ಮಿತಿಯನ್ನು ದಪ್ಪ ಅಕ್ಷರದಲ್ಲಿ ಬರೆದ ಚೀಟಿಯೊಂದನ್ನು ಹಿಂಭಾಗಕ್ಕೆ ಅಂಟಿಸಿ. ಅವರು ಮೊದಲು ಅಳೆಯಹೊರಟದ್ದು ಫೋನಿನ ಚಾರ್ಜರನ್ನು.